ಮೊದಲ ಸಾಲಿನ ಹೆಸರು

ಸರ್ವರ್ ನಿರ್ವಹಣೆಯ ಕ್ಷೇತ್ರದಲ್ಲಿ ಚೆನ್ನಾಗಿ ದುಡಿದವರ ಹೆಸರು ಹೊರಗೆ ಬರುವುದಿಲ್ಲ. ಎಲ್ಲವೂ ಸರಿಯಾಗಿ ನಡೆಯುವಷ್ಟು ದಿನ ನಮ್ಮತ್ತ ಯಾರೂ ತಿರುಗಿ ನೋಡುವುದಿಲ್ಲ. ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯರು ಅಂಥವರಲ್ಲಿ ಅಗ್ರಗಣ್ಯರು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಿರೆಂದು ಆಸ್ಪತ್ರೆಯ ಪತ್ರಿಕೆಯ ಸಂಪಾದಕ ಸಮಿತಿ ಕೇಳಿದೆ. ಮಾತಿಗೇನೂ ಬರವಿಲ್ಲ, ಅದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂಬುದೇ ಸಂಕಟ.

ನಾನು ಅವರ ಕೈಕೆಳಗೆ ಸೇರಿದಾಗ, ಒಂದೇ ದೊಡ್ಡ ಯಂತ್ರದೊಳಗೆ ಇಪ್ಪತ್ತು ಮೂವತ್ತು ವರ್ಚುವಲ್ ಸರ್ವರ್‌ಗಳನ್ನು ನಡೆಸುವ ಪದ್ಧತಿ ನಮ್ಮಲ್ಲಿ ಆಗಷ್ಟೇ ಬೇರೂರಿತ್ತು. ಅಂಥ ನಲವತ್ತು ಯಂತ್ರಗಳಿದ್ದವು. ಅವುಗಳ ಮಾಹಿತಿಯೆಲ್ಲ ಪಕ್ಕದ ಎರಡು ಸ್ಟೋರೇಜ್ ಕಪಾಟುಗಳ ಡಿಸ್ಕ್‌ಗಳಲ್ಲಿತ್ತು; ಕಪಾಟುಗಳಲ್ಲಿ ಒಂದು ಹಳೆಯದು, ಒಂದು ಹೊಸದು. ಆ ಡಿಸ್ಕ್‌ಗಳ ಸೆಟ್ಟಿಂಗ್ ಅನ್ನು ಒಂದೊಂದಾಗಿ ಬದಲಿಸಿದರೆ ವಾರಗಟ್ಟಲೆ ಹಿಡಿಯುತ್ತಿತ್ತು, ಎಲ್ಲ ಯಂತ್ರಗಳಿಗೂ ತಾನೇ ಆಜ್ಞೆ ಕೊಡುವ ಸ್ಕ್ರಿಪ್ಟ್ ಬರೆದರೆ ಹತ್ತೇ ನಿಮಿಷ. ಆ ಹತ್ತು ನಿಮಿಷವನ್ನು ಅವರು ಎಂದೂ ನಂಬಲಿಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬರೆದವರ ಹೆಸರಿರಬೇಕು; ಒಂದು ಯಂತ್ರದ ಮೇಲೆ ಓಡಿಸಿ ಇಡೀ ದಿನ ಕಾಯಬೇಕು. "ಮೊದ್ಲು ಒಂದೇ ಒಂದು. ಮಿಕ್ಕಿದ್ದು ನಾಳೆ" ಎಂದು ಹೇಳಿ ಹೇಳಿ ಅವರಿಗೆ 'ಒಂದೇ ಒಂದು ಸಾರ್' ಎಂಬ ಅಡ್ಡಹೆಸರೇ ಬಿದ್ದಿತ್ತು.

ನನ್ನ ತಂದೆ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಲಗಿದ್ದಾಗ ಒಂಬತ್ತು ದಿನ ನನ್ನ ಪಾಳಿಯನ್ನೂ ಅವರೇ ಹೊತ್ತರು. ಅವರ ಮನೆಯವರು ತಂದೆಗೆಂದು ದಿನವೂ ಫ್ಲಾಸ್ಕಿನಲ್ಲಿ ಬಿಸಿ ಹಾಲು ಕಳಿಸುತ್ತಿದ್ದರು. ಹತ್ತನೆಯ ದಿನ ನಾನು ಕೆಲಸಕ್ಕೆ ಬಂದೆ. ಅಂದೇ, ಮಾತನಾಡುವುದಿದೆ, ನಾಲ್ಕು ಗಂಟೆಗೆ ಬನ್ನಿ ಎಂದು ಡಾಕ್ಟರು ಕರೆದಿದ್ದರು. ಕೈಯಲ್ಲಿದ್ದ ಸ್ಕ್ರಿಪ್ಟ್ ಮುಗಿಸಿಬಿಡುವ ಆತುರಕ್ಕೆ ಬಿದ್ದು, ಅದನ್ನು ನಲವತ್ತೂ ಯಂತ್ರಗಳ ಮೇಲೆ ಒಟ್ಟಿಗೇ ಓಡಿಸಿದೆ. ಬದಲಾವಣೆ ಹೊಸ ಕಪಾಟಿಗೆ ಮಾತ್ರ ಎಂಬ ಷರತ್ತು ಸೇರಿಸುವುದನ್ನೇ ಮರೆತಿದ್ದೆ. ಹಳೆಯ ಕಪಾಟು ಆ ಸೆಟ್ಟಿಂಗ್ ತಾಳಲಾರದೆ ನಿಂತಿತು. ಪ್ರಯೋಗಾಲಯದ ಸರ್ವರ್‌ಗಳೂ ಒಂದರ ಹಿಂದೊಂದು ನಿಂತವು. ಒಂದೇ ಯಂತ್ರದ ಮೇಲೆ ಓಡಿಸಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಸಾರ್ ಬಂದು ಪರದೆ ನೋಡಿದರು. ಬೈಯಲಿಲ್ಲ.

"ಡಾಕ್ಟರು ನಾಲ್ಕಕ್ಕೆ ಕರೆದಿದಾರಲ್ವೇನೋ? ಹೋಗು. ಇದನ್ನ ನಾನು ನೋಡ್ಕೋತೀನಿ."

ಹೋದೆ. ಅವರು ಒಂದೊಂದೇ ಯಂತ್ರವನ್ನು ಕೈಯಾರೆ ಸರಿಪಡಿಸಲು ಐದು ಗಂಟೆ ಹಿಡಿಯಿತಂತೆ. ರಕ್ತಪರೀಕ್ಷೆಯ ವರದಿ ಸಿಗದೆ ಅಂದು ಮೂರು ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಆ ವಾರವೇ ನನ್ನ ತಂದೆ ತೀರಿಕೊಂಡರು. ಕೆಲಸಕ್ಕೆ ಮರಳಿ ಆ ಸ್ಕ್ರಿಪ್ಟ್ ತೆರೆದರೆ, ಮೊದಲ ಸಾಲಿನಲ್ಲಿ ನನ್ನ ಹೆಸರಿದ್ದ ಜಾಗದಲ್ಲಿ ಅವರ ಹೆಸರಿತ್ತು. ತಪ್ಪೊಪ್ಪಿಗೆಯ ವರದಿಗೂ ಅವರೇ ಸಹಿ ಹಾಕಿದ್ದರು.

"ಅಪ್ಪನ್ನ ಕಳ್ಕೊಂಡಿದೀಯ. ಕೆಲಸಾನೂ ಕಳ್ಕೋಬೇಡ. ಬಾಯ್ಮುಚ್ಕೊಂಡಿರು" ಎಂದರು.

ಬಾಯಿ ಮುಚ್ಚಿಕೊಂಡೆ. ಅವರಿಗೆ ಬರಬೇಕಿದ್ದ ಮುಖ್ಯಸ್ಥರ ಹುದ್ದೆ ತಪ್ಪಿತು; ಆರು ವರ್ಷದ ಮೇಲೆ ಅದೇ ಹುದ್ದೆ ನನ್ನ ಪಾಲಿಗೆ ಬಂತು. ಕೆಲಸ ಕಲಿಸಿದವರ ರಜೆಯ ಅರ್ಜಿಗೆ ಐದು ವರ್ಷ ನಾನು ಸಹಿ ಹಾಕಿದ್ದೇನೆ. ಅವರು ಒಂದು ದಿನವೂ ಹಳೆಯ ಮಾತು ಎತ್ತಲಿಲ್ಲ. ಕಳೆದ ತಿಂಗಳು ಹೊಸಬನೊಬ್ಬ ನನ್ನೆದುರೇ, "ಹಿಂದೆ ಎಲ್ಲಾ ಕೆಡಿಸಿಟ್ಟಿದ್ದು ಅವ್ರೇ ಅಂತೆ ಸಾರ್, ಅದಕ್ಕೇ ಈಗ್ಲೂ ಒಂದೇ ಒಂದು ಅಂತಾರೆ" ಎಂದು ನಕ್ಕ. ಆಗಲೂ ನಾನು ತೆಪ್ಪಗಿದ್ದೆ. ಇದಕ್ಕೆ ನಾಚಿಕೆ ಎಂದರೆ ಸಣ್ಣ ಮಾತಾಯಿತು.

ಈ ಬರಹದ ಪ್ರತಿಯನ್ನು ಆಡಳಿತ ಮಂಡಳಿಗೂ ಕಳಿಸಿದ್ದೇನೆ. ಅದರಿಂದ ಏನಾದರೂ ಆಗಲಿ. ಹಿರಿಯರು ಬಹುಕಾಲ ಗಟ್ಟಿಮುಟ್ಟಾಗಿ ಬಾಳಲಿ, ಇನ್ನಷ್ಟು ಆತುರಗಾರರಿಗೆ ಕಾಯುವುದನ್ನು ಕಲಿಸಲಿ, ಹೇಳಬೇಡವೆಂದಿದ್ದನ್ನು ಹೇಳಿದ್ದಕ್ಕೆ ನನ್ನನ್ನು ಈಗಲಾದರೂ ಮನಸಾರೆ ಬೈಯಲಿ. ಷರತ್ತು ಸೇರಿಸಿ ಅವರು ಸರಿಪಡಿಸಿದ ಆ ಸ್ಕ್ರಿಪ್ಟ್ ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿದೆ. ಈ ಬೆಳಿಗ್ಗೆ ಅದರ ಮೊದಲ ಸಾಲಿನಿಂದ ಅವರ ಹೆಸರು ತೆಗೆದು ನನ್ನದನ್ನು ಬರೆದಿದ್ದೇನೆ.