ಅಮ್ಮನಿಗೆ ಸೊನ್ನೆ ಕಲಿಸಿದ್ದು

ಕಳೆಯುವ ಲೆಕ್ಕ ಹೇಳಿಕೊಟ್ಟು ಹೇಳಿಕೊಟ್ಟು ನನ್ನ ನಾಲಿಗೆ ಸವೆದಿದೆ. ನಾನು ಪ್ರಾಥಮಿಕ ಶಾಲೆಯ ಟೀಚರ್. ಮೊದಲು ನರಸಿಂಹರಾಜಪುರದ ಕಡೆ ಇದ್ದೆ, ಈಗ ಕೊಪ್ಪದಿಂದ ಜಯಪುರದ ಬಸ್ಸು ಹಿಡಿದು ನಡುವೆ ಇಳಿದುಕೊಳ್ಳುವ ಒಂದು ಊರಿಗೆ ಹೋಗುತ್ತೇನೆ. ಹುಣಸೆಬೀಜ ಎಣಿಸುವುದು, ಬೆರಳು ಮಡಚುವುದು, ಪಕ್ಕದ ಮನೆಯಿಂದ ದಶಕ ತರುವುದು, ತಂದದ್ದನ್ನು ಮರೆಯುವುದು, ಎಲ್ಲ ಪ್ರತಿ ಜೂನಿನಲ್ಲಿ ಮೊದಲಿನಿಂದ ಶುರು. ಮಕ್ಕಳು ಹೊಸಬರು, ತಪ್ಪುಗಳು ಮಾತ್ರ ಹಳೆಯವೇ. ನಿವೃತ್ತಿಗೆ ಇನ್ನು ಕೆಲವೇ ವರ್ಷ, ಆಮೇಲೆ ಯಾರಿಗೂ ಲೆಕ್ಕ ಹೇಳಿಕೊಡುವುದಿಲ್ಲ ಅಂದುಕೊಂಡಿದ್ದೆ. ಅಷ್ಟರಲ್ಲಿ ಅಮ್ಮನಿಗೆ ಸ್ಟ್ರೋಕ್ ಆಯಿತು.

ಕೈಕಾಲು ಬೇಗ ಸುಧಾರಿಸಿತು. ಮಾತೂ ಬಂತು. ಬಂದ ಮಾತಿನಲ್ಲಿ ಅರ್ಧಕ್ಕರ್ಧ ನನ್ನ ಸಾರಿನ ಬಗ್ಗೆ ದೂರು, ಹಾಗಾಗಿ ಅಮ್ಮ ಪೂರ್ತಿ ವಾಪಸಾದಳು ಎಂದೇ ನಂಬಿದ್ದೆ. ಬರದೆ ಉಳಿದದ್ದು ಅಂಕಿ. ಗಡಿಯಾರ ನೋಡಿ ಗಂಟೆ ಎಷ್ಟೆಂದು ನನ್ನನ್ನೇ ಕೇಳುತ್ತಿದ್ದಳು. ನಾಲ್ಕು ಲೋಟ ತಾ ಅಂದರೆ ಎರಡೂ ಕೈಗೆ ಸಿಕ್ಕಷ್ಟು ತರುತ್ತಿದ್ದಳು. ಡಾಕ್ಟರು, "ಒಂದನೇ ಕ್ಲಾಸಿನಿಂದ ಶುರು ಮಾಡಿ ಮೇಡಂ, ನಿಮಗೆ ಹೆಂಗೂ ಅಭ್ಯಾಸ ಇದೆಯಲ್ಲ" ಅಂದರು. ಇತ್ತು. ಅದೇ ನನ್ನ ಸಂಕಟವಾಗಿತ್ತು.

ಕೊಪ್ಪದ ಪೇಟೆಯೊಳಗಿನ ಬಾಡಿಗೆ ಮನೆಯಲ್ಲಿ ಇರುವುದು ನಾವಿಬ್ಬರೇ, ನಡೆಯುವುದು ನನ್ನೊಬ್ಬಳ ಸಂಬಳದಲ್ಲಿ. ಗಳಿಕೆ ರಜೆ ಕರಗುತ್ತಾ ಬಂದಿತ್ತು. ಬೆಳಿಗ್ಗೆ ಮತ್ತು ರಾತ್ರಿಯ ಮಾತ್ರೆಗಳನ್ನು ನಾನು ಕೊಡಬಲ್ಲೆ. ಮಧ್ಯಾಹ್ನದ ಊಟದ ನಂತರದ ಮೂರನ್ನು ಅವಳೇ ತೆಗೆದುಕೊಳ್ಳಬೇಕು. ಅದರಲ್ಲಿ ಒಂದು ತಪ್ಪಿದರೂ ಮತ್ತೆ ಸ್ಟ್ರೋಕ್ ಆಗುವ ಭಯವಿದೆ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಪಕ್ಕದ ಮನೆಯವರಿಬ್ಬರೂ ಕೆಲಸಕ್ಕೆ ಹೋಗಿ ಸಂಜೆ ಬರುವವರು. ಮೂರು ಮಾತ್ರೆ ಲೆಕ್ಕವಾಗಿ ಹೊಟ್ಟೆ ಸೇರಿದರೆ ನಾನು ಶಾಲೆಗೆ ಹೋಗಬಹುದು, ಇಲ್ಲದಿದ್ದರೆ ಕೆಲಸ ಬಿಡಬೇಕು.

ಹಾಗೆ ನಮ್ಮ ಪಾಠ ಶುರುವಾಯಿತು. ಶಾಲೆಯಲ್ಲಿ ಬಳಸುವ ಹುಣಸೆಬೀಜವನ್ನೇ ಮನೆಯ ಚಾಪೆಯ ಮೇಲೆ ಸುರಿದೆ. ಕೂಡುವುದು ಬೇಗ ಬಂತು. ಅಮ್ಮನಿಗೆ ಅದರ ಹೆಮ್ಮೆ ಎಷ್ಟೆಂದರೆ ಹಾಲು ತರುವವನಿಗೆ "ಎರಡು ಮತ್ತೆ ಒಂದು, ಮೂರು ಪ್ಯಾಕೆಟ್" ಎಂದು ಬಿಡಿಸಿ ಹೇಳುತ್ತಿದ್ದಳು. ಕಳೆಯುವುದೂ ನಿಧಾನಕ್ಕೆ ಬಂತು. ಐದರಲ್ಲಿ ಎರಡು ಹೋದರೆ ಮೂರು, ಏಳರಲ್ಲಿ ನಾಲ್ಕು ಹೋದರೆ ಮೂರು. ಆದರೆ ಐದರಲ್ಲಿ ಐದು ತೆಗೆ ಅಂದರೆ ನಾಲ್ಕು ಬೀಜ ಎತ್ತಿ ಕೈ ಹಿಂದಕ್ಕೆ ತೆಗೆದುಬಿಡುತ್ತಿದ್ದಳು.

"ಐದೂ ತೆಗಿ ಅಮ್ಮ."

"ತೆಗ್ದೆ."

"ಒಂದು ಅಲ್ಲೇ ಉಂಟಲ್ಲ."

"ಹೂಂ, ಒಂದು ಉಂಟು." ಅಷ್ಟಕ್ಕೆ ಲೆಕ್ಕ ಮುಗಿಯಿತು ಎನ್ನುವ ಹಾಗೆ ಮುಖ ಮಾಡುತ್ತಿದ್ದಳು.

ನನ್ನ ಅನುಭವದ ಪ್ರಕಾರ ಇದು ಸೊನ್ನೆಯ ತೊಂದರೆ. ಮಕ್ಕಳಿಗೂ ಸೊನ್ನೆಯೇ ಕಷ್ಟ. ಕಣ್ಣಿಗೆ ಕಾಣದ್ದನ್ನು ಎಣಿಸಬೇಕಲ್ಲ. ಸ್ಲೇಟಿನ ಮೇಲೆ ದೊಡ್ಡದಾಗಿ ಸೊನ್ನೆ ಬರೆದು ತೋರಿಸಿದೆ.

"ಎಂತ ಇದು?"

"ಸೊನ್ನೆ. ಏನೂ ಇಲ್ಲ ಅಂತ."

"ಏನೂ ಇಲ್ದಿದ್ರೆ ಬರಿಯೋದು ಎಂತಕ್ಕೆ ಕೂಸೇ?"

ಐವತ್ತು ದಾಟಿದ ನನ್ನನ್ನು ಕೂಸೇ ಅನ್ನುವವಳು ಅವಳೊಬ್ಬಳೇ. ಬೇರೆ ದಿನವಾದರೆ ನಗುತ್ತಿದ್ದೆ. ಆ ದಿನ ನಗು ಬರಲಿಲ್ಲ, ಬೆನ್ನು ನೋಯುತ್ತಿತ್ತು.

ಮಧ್ಯಾಹ್ನದ ಮಾತ್ರೆಗೂ ಅದೇ ಗತಿಯಾಯಿತು. ಮೂರನ್ನೂ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟು ನಾನು ಶಾಲೆಗೆ ಹೋದವಳಂತೆ ಒಳಕೋಣೆಯಲ್ಲಿ ಕೂರುತ್ತಿದ್ದೆ. ಊಟವಾಗಿ ಅವಳು ಮಲಗಿದ ಮೇಲೆ ಹೋಗಿ ಮುಚ್ಚಳ ತೆಗೆದರೆ ತಳದಲ್ಲಿ ಒಂದು ಉಳಿದಿರುತ್ತಿತ್ತು. ಒಂದು ದಿನ ಬಿಳಿಯದು, ಒಂದು ದಿನ ಹಳದಿಯದು, ಯಾವುದು ಕೊನೆಗೆ ಉಳಿಯುವುದೋ ಅದು. ಎದ್ದ ಮೇಲೆ ನುಂಗಿಸುತ್ತಿದ್ದೆ, ಅಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಬಿ.ಪಿ. ಏರಿತ್ತು. ಮನೆಗೆ ಬಂದವಳೇ ನಾನು ಅವಳ ಮೇಲೆ ಹರಿಹಾಯ್ದೆ. ಒಂದನೇ ಕ್ಲಾಸಿನ ಮಕ್ಕಳಿಗೆ ಬರುವುದು ನಿನಗೆ ಬರುವುದಿಲ್ಲವಲ್ಲ, ನನಗೆ ಸಾಕಾಗಿದೆ ಅಂದೆ. ಸಾಕಾಗಿದ್ದು ನಿಜವೇ. ಅಮ್ಮ ಚಾಪೆಯ ಮೇಲಿನ ಬೀಜಗಳನ್ನು ಒಟ್ಟುಮಾಡಿ ಚೀಲಕ್ಕೆ ತುಂಬಿ ಒಳಗೆ ಹೋದಳು.

ಆ ವಾರ ಕಿಗ್ಗದಿಂದ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ನೋಡಲು ಬಂದಳು. ಮಧ್ಯಾಹ್ನದ ನಾಟಕವನ್ನು ಅವಳೂ ನನ್ನ ಜೊತೆ ಕೂತು ನೋಡಿದಳು. ನಾನು ಡಬ್ಬಿ ತೆರೆದು ಉಳಿದ ಮಾತ್ರೆ ತೋರಿಸಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಅಕ್ಕ ಯಾವತ್ತು ಡಬ್ಬಿ ಬರಿದು ಮಾಡಿದ್ದಾಳೆ ಮಾರಾಯ್ತಿ? ನೀ ಅಕ್ಕಿ ಡಬ್ಬಿ ನೋಡಿಲ್ವಾ?"

ನೋಡಿದ್ದೆ. ಹುಟ್ಟಿದಾಗಿನಿಂದ ನೋಡಿದ್ದೆ. ಹೊಸ ಅಕ್ಕಿ ಬರುವವರೆಗೆ ಹಳೆಯದರಲ್ಲಿ ಒಂದು ಹಿಡಿ ಉಳಿಸಿರಲೇಬೇಕು. ಉಪ್ಪು, ಬೇಳೆ, ಅರಿಶಿನ, ಯಾವುದನ್ನೂ ತಳ ಕೆರೆಯಬಾರದು. ಮುಗಿಯಿತು ಎಂದು ಬಾಯಲ್ಲಿ ಹೇಳುವ ಹಾಗೂ ಇಲ್ಲ. ಅದರ ಬದಲು ಅಕ್ಕಿ ಹೆಚ್ಚಿದೆ, ತರಬೇಕು ಅನ್ನುವುದು. ನಾನೂ ಹಾಗೇ ಮಾಡುತ್ತೇನೆ, ಯೋಚಿಸದೆ ಮಾಡುತ್ತೇನೆ. ಅಮ್ಮನಿಗೆ ಸೊನ್ನೆ ಮರೆತಿರಲಿಲ್ಲ. ಲೆಕ್ಕವೆಲ್ಲ ಹೋದರೂ ಮನೆ ಬರಿದಾಗಬಾರದು ಎಂಬುದೊಂದು ಹೋಗಿರಲಿಲ್ಲ, ಅಷ್ಟೆ.

ಕಾರಣ ತಿಳಿದರೆ ಅರ್ಧ ಕೆಲಸ ಆದಂತೆ ಎಂದು ಮಕ್ಕಳಿಗೆ ಹೇಳುತ್ತೇನೆ. ಇಲ್ಲಿ ಅದೂ ಆಗಲಿಲ್ಲ. ಮಾತ್ರೆ ಅಕ್ಕಿಯಲ್ಲ, ಔಷಧ ಎಂದು ವಿವರಿಸಿದೆ. "ಮನೆಯೊಳಗಿನ ಡಬ್ಬಿ ಅಲ್ದಾ" ಅಂದಳು ಅಮ್ಮ. ಚಿಕ್ಕಮ್ಮನ ಸಲಹೆಯಂತೆ ಡಬ್ಬಿ ಬರಿದಾಗದಿರಲಿ ಎಂದು ಮಾತ್ರೆಗಳ ಜೊತೆ ನಾಲ್ಕು ಅಕ್ಕಿಕಾಳು ಹಾಕಿಟ್ಟೆ. ಎಲ್ಲಿಂದಲೋ ಬಿದ್ದಿದೆ ಎಂದು ಅಮ್ಮ ಅವನ್ನು ಆರಿಸಿ ತೆಗೆದು, ಡಬ್ಬಿ ಒರೆಸಿ, ಎರಡು ಮಾತ್ರೆ ನುಂಗಿ, ಒಂದನ್ನು ಎಂದಿನಂತೆ ಉಳಿಸಿದ್ದಳು. ಚಿಕ್ಕಮ್ಮ ನಗುತ್ತಾ ಊರಿಗೆ ಹೋದಳು. ಅವಳಿಗೇನು, ಬಸ್ಸಿತ್ತು.

ರಜೆ ಮುಗಿಯಲು ಬಂದ ಒಂದು ಸಂಜೆ ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ. ಸ್ವಯಂ ನಿವೃತ್ತಿಗೆ ಅರ್ಜಿ ಕೊಡುತ್ತೇನೆ, ಇನ್ನು ನನ್ನಿಂದ ಆಗುವುದಿಲ್ಲ ಅಂದೆ. ಅವರು ಒಬ್ಬರೇ ಐದು ಕ್ಲಾಸು ನೋಡಿಕೊಳ್ಳುತ್ತಿದ್ದರು, ಅವರ ಧ್ವನಿಯೂ ಬಿದ್ದುಹೋಗಿತ್ತು. "ಯೋಚನೆ ಮಾಡಿ ಮೇಡಂ" ಅಂದರು. ಮಾಡಿಯಾಯಿತು ಸರ್ ಅಂದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದಳು. ಕೇಳಿಸಿತೋ ಇಲ್ಲವೋ ಎಂದು ನಾನು ನೋಡಲೂ ಇಲ್ಲ.

ಮರುದಿನ ಊಟವಾದ ಮೇಲೆ ಕರೆದಳು. ನಾನು ಒಳಕೋಣೆಯಲ್ಲಿ ಅಡಗಿ ಕೂರುವುದನ್ನೂ ಬಿಟ್ಟಿದ್ದೆ. ಅಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

"ಕೂತ್ಕೊ ಇಲ್ಲಿ. ನೋಡು."

ಒಂದು ಮಾತ್ರೆ ನುಂಗಿ ನೀರು ಕುಡಿದಳು. ಇನ್ನೊಂದು ನುಂಗಿದಳು. ಮೂರನೆಯದು ತಳದಲ್ಲಿತ್ತು. ಅದನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಎತ್ತಿ ಬಾಯಿಗೆ ಹಾಕಿಕೊಂಡು, ನುಂಗಿ, ಡಬ್ಬಿಯನ್ನು ನನ್ನ ಅಂಗೈ ಮೇಲೆ ಬೋರಲು ಹಾಕಿದಳು.

"ಇಲ್ಲ. ಎಂತದೂ ಇಲ್ಲ. ಸರಿ ಉಂಟಾ?"

"ಸರಿ ಉಂಟು."

"ಹಂಗಾದ್ರೆ ಆ ಅರ್ಜಿ ಕೊಡ್ಬೇಡ."

ಅಪ್ಪ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಆಗಲೂ ಅಮ್ಮನ ಬಾಯಲ್ಲಿ ಇಲ್ಲ ಎಂಬ ಮಾತನ್ನು ನಾನು ಕೇಳಿರಲಿಲ್ಲ. ಈಗ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಳ ಹಾಕಿದಳು, ದೇವರ ಗೂಡಿನ ಕಡೆ ತಿರುಗಿ, ಕಣ್ಣು ಮುಚ್ಚಿ, ಎರಡೂ ಕೆನ್ನೆ ತಟ್ಟಿಕೊಂಡಳು. ಸರಿಯುತ್ತರ ಹೇಳಿದವರ ಬೆನ್ನು ತಟ್ಟುವುದು ನನ್ನ ರೂಢಿ. ಕೈ ಏಳಲಿಲ್ಲ. ಅವಳು ತಪ್ಪು ಉತ್ತರವನ್ನೇ ಹೇಳಿದ್ದರೆ ಚೆನ್ನಾಗಿತ್ತು ಅನಿಸಿತು.

ಸೋಮವಾರದಿಂದ ಶಾಲೆಗೆ ಹೋಗತೊಡಗಿದೆ. ಸಂಜೆ ಸುಸ್ತಾಗಿ ಬಂದು, ಕೈಕಾಲು ತೊಳೆಯುವ ಮೊದಲೇ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತೇನೆ. ಖಾಲಿ ಇರುತ್ತದೆ. ಅಷ್ಟು ದಿನ ಜಗಳವಾಡಿ ನಾನು ಕೇಳಿದ್ದು ಅದನ್ನೇ. ಆದರೂ ಅದನ್ನು ಹಾಗೆ ಬಿಡಲು ನನ್ನಿಂದ ಆಗುವುದಿಲ್ಲ. ನಿಂತ ಕಾಲಲ್ಲೇ ಮರುದಿನದ ಮೂರನ್ನು ಹಾಕಿ ಮುಚ್ಚುತ್ತೇನೆ.