ಪಾರುಪತ್ಯಗಾರನ ಗೊಂಬೆ

ಫೆಲಿಜ್ಮಿನಾ ಹುಟ್ಟಿದ್ದು ಪೋರ್ಚುಗಲ್ಲಿನ ಅಲೆಂತೇಜು ಸೀಮೆಯ ಎಸ್ತ್ರೆಮೋಝ್‌ನಲ್ಲಿ, ಮಣ್ಣಿನ ಗೊಂಬೆ ಮಾಡುವವರ ಬೀದಿಯಲ್ಲಿ. ಅಮ್ಮ ಬೇಗ ಸತ್ತಳು, ಅಪ್ಪ ಕುಡಿದುಕೊಂಡು ಹಾಳಾದ. ಅವಳನ್ನೂ ಅವಳಣ್ಣನನ್ನೂ ಸಾಕಿದ್ದು ಪೆರ್ಪೇತುವಾ ಅತ್ತೆ. ಅತ್ತೆಯ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು. ಮೊದಲು ಕೆಮ್ಮಣ್ಣಿನಲ್ಲಿ ಬರಿಮೈ ಮನುಷ್ಯನನ್ನು ಮಾಡಿ ನಿಲ್ಲಿಸುತ್ತಿದ್ದಳು. ಆಮೇಲೆ ಮಣ್ಣನ್ನು ಹಪ್ಪಳದಂತೆ ತೆಳ್ಳಗೆ ಲಟ್ಟಿಸಿ, ಕತ್ತರಿಸಿ, ಅಂಗಿ, ಲಂಗ, ಕೋಟು ಅಂತ ಒಂದೊಂದಾಗಿ ತೊಡಿಸುತ್ತಿದ್ದಳು. ಹ್ಯಾಟು ಎಲ್ಲಕ್ಕಿಂತ ಕೊನೆಗೆ. ಹುಡುಗಿ ಅವಸರ ಮಾಡಿ ಮೊದಲೇ ಹ್ಯಾಟು ಇಟ್ಟರೆ ಬೆರಳ ಗಂಟಿನ ಮೇಲೆ ಏಟು ಬೀಳುತ್ತಿತ್ತು.

"ಹ್ಯಾಟು ಇಟ್ಟುಬಿಟ್ರೆ ಅದರ ಕೆಳಗೆ ಇರೋನು ಯಾರು ಅಂತ ನೋಡೋಕೇ ಹೋಗಲ್ಲ ನೀನು, ಕತ್ತೆ."

ಗೊಂಬೆ ಮಾಡಿ ಹೊಟ್ಟೆ ತುಂಬಿದವರು ಆ ಬೀದಿಯಲ್ಲಿ ಕಡಿಮೆ. ಫೆಲಿಜ್ಮಿನಾ ಹೇಗೋ ಓದಿ ಟೀಚರ್ ಆದಳು. ದೊಡ್ಡ ಎಸ್ಟೇಟೊಂದರ ಅಂಚಿನಲ್ಲಿದ್ದ ಹಳ್ಳಿಯ ಒಂದೇ ಕೋಣೆಯ ಶಾಲೆಗೆ ಹಾಕಿದರು. ಪಾಠ ಎಂದರೆ ಆಗ ಬಾಯಿಪಾಠ. ಗೋಡೆಯ ಮೇಲೆ ಶಿಲುಬೆ, ಅದರ ಪಕ್ಕ ಆಳುವವರ ಫೋಟೊ, ಕೆಳಗೆ ಬರಿಗಾಲ ಮಕ್ಕಳು. ಯಾರೂ ಕಣ್ಣಲ್ಲಿ ಕಂಡಿರದ ನದಿಗಳ, ರೈಲುದಾರಿಗಳ ಹೆಸರನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದವು. ಒಂದು ಏಪ್ರಿಲ್‌ನಲ್ಲಿ ಸೈನಿಕರು ತಿರುಗಿಬಿದ್ದು ಲಿಸ್ಬನ್ನಿನ ಸರ್ಕಾರ ಉರುಳಿತು. ಫೆಲಿಜ್ಮಿನಾ ಸ್ಟೂಲು ಹತ್ತಿ ಫೋಟೊ ಇಳಿಸಿದಳು. ಮರುವಾರ ಕತ್ತೆಯ ಬೆನ್ನಿಗೆ ಕೆಮ್ಮಣ್ಣು ಹೇರಿಸಿಕೊಂಡು ತರಗತಿಗೆ ತಂದಳು.

ಅತ್ತೆಯ ಕಸುಬನ್ನೇ ಅವಳು ಪಾಠ ಮಾಡಿಕೊಂಡಳು. ಮಗು ಬರಿಮೈ ಮನುಷ್ಯನನ್ನು ಮಾಡಬೇಕು. "ಬೆಳಿಗ್ಗೆ ಎದ್ದು ಇವನು ಮೊದಲು ಏನು ಮಾಡ್ತಾನೆ?" ಅಂತ ಟೀಚರ್ ಕೇಳುತ್ತಾಳೆ. ಆಲಿವ್ ಬಡಿಯೋಕೆ ಹೋಗ್ತಾನೆ ಅಂದರೆ ಬೂಟು ತೊಡಿಸು. ಚಳಿ ಇತ್ತು ಅಂದರೆ ಕುರಿ ಚರ್ಮದ ಕೋಟು ಹೊದಿಸು. ಬಟ್ಟೆ ಮುಗಿಯುವ ಹೊತ್ತಿಗೆ ಕಥೆ ಮುಗಿದಿರುತ್ತಿತ್ತು. ಹಾಳೆಯ ಮೇಲೆ ಒಂದು ಸಾಲು ಬರೆಯಲು ಒದ್ದಾಡುತ್ತಿದ್ದ ಮಕ್ಕಳು ಇಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಎಂಬತ್ತು ದಾಟಿದ ಫೆಲಿಜ್ಮಿನಾಗೆ ಈಗ ನಿನ್ನೆ ಉಂಡದ್ದು ಮರೆತಿರುತ್ತದೆ. ಆ ಮಕ್ಕಳ ಉಗುರಲ್ಲಿ ಮೆತ್ತಿದ ಮಣ್ಣು, ಒದ್ದೆ ಗೋಣಿಯ ವಾಸನೆ, ಕಿಟಕಿಗೆ ಹಬೆ ಹಿಡಿದ ಬೆಳಗುಗಳು ಮರೆತಿಲ್ಲ.

ಸರ್ಕಾರ ಉರುಳಿದ ಮರುವರ್ಷ ಕೂಲಿಗಳು ಎಸ್ಟೇಟಿಗೆ ನುಗ್ಗಿ ಭೂಮಿ ವಶಮಾಡಿಕೊಂಡರು. ಧಣಿ ಆಗಲೇ ಬ್ರೆಜಿಲ್ಲಿಗೆ ಓಡಿದ್ದ. ಹೋಗುವಾಗ ನಾಯಿಗಳನ್ನು ಕರೆದುಕೊಂಡು ಹೋದ, ಪಾರುಪತ್ಯಗಾರ ಬಾಲ್ತಾಜಾರನನ್ನು ಬಿಟ್ಟು ಹೋದ. ಇಪ್ಪತ್ತು ವರ್ಷ ಕೂಲಿಗಳನ್ನು ಕೋಲು ಹಿಡಿದು ಕಾದವನು ಗೇಟಿನ ಪಕ್ಕದ ಮನೆಯಲ್ಲಿ ಹೆಂಡತಿ, ಮಗಳ ಜೊತೆ ಬಾಗಿಲು ಹಾಕಿಕೊಂಡು ಕೂತ.

ಎಸ್ಟೇಟಿನ ಕಣಜದಲ್ಲಿ ದಿನವೂ ಕೂಲಿಗಳ ಸಭೆ. ಎಲ್ಲದಕ್ಕೂ ಕೈ ಎತ್ತುವುದು. ಹಂದಿಮರಿಗೆ ಹೆಸರಿಡಬೇಕಾದರೂ ಓಟು. ಅದನ್ನು ನೋಡಿ ಮಕ್ಕಳೂ ತರಗತಿಯಲ್ಲಿ ಕೈ ಎತ್ತಲು ಶುರುಮಾಡಿದವು. ಟೀಚರಿಗೂ ಒಂದೇ ಓಟು.

ಭೂಮಿ ಹಿಡಿದ ದಿನವನ್ನು ಮಣ್ಣಿನ ಗೊಂಬೆಗಳಲ್ಲಿ ಮಾಡಿ ಕ್ರಿಸ್ಮಸ್ಸಿಗೆ ಕಣಜದಲ್ಲಿಡಬೇಕು ಅಂತ ಸಭೆ ಶಾಲೆಯನ್ನು ಕೇಳಿತು. ಒಂದು ಮಗುವಿಗೆ ಒಬ್ಬ ಮನುಷ್ಯ, ಒಂದು ಕಥೆ. ಬರಿಮೈ ಗೊಂಬೆಗಳು ಮೇಜಿನ ಮೇಲೆ ಸಾಲಾಗಿ ನಿಂತವು. ಯಾರು ಯಾರು ಅಂತ ಮಕ್ಕಳು ಹೇಳುತ್ತಾ ಬಂದರು. ಬಾಲ್ತಾಜಾರನ ಮಗಳು ನತೆರ್ಸಿಯಾಳ ಸರದಿ ಬಂತು.

"ಇದು ನಮ್ಮಪ್ಪ," ಅಂದಳು.

"ನಿಮ್ಮಪ್ಪ ಅವತ್ತು ನಮ್ ಕಡೆ ಎಲ್ಲಿದ್ದ?" ಅಂದ ಔರೇಲಿಯೊ. ಟ್ರ್ಯಾಕ್ಟರ್ ಓಡಿಸುವ ಲಿಬಾನಿಯೊನ ಮಗ.

"ಗೇಟಿನ ಹತ್ರ ಇದ್ದ."

"ಗೇಟಿನ ಹತ್ರ ಕತ್ತೇನೂ ಇತ್ತು. ಓಟು ಹಾಕ್ಸಿ, ಕಾಮ್ರೇಡ್ ಟೀಚರ್."

ಪಾರುಪತ್ಯಗಾರ ಬೇಡ ಅನ್ನುವವರು ಕೈ ಎತ್ತಿದರು. ನತೆರ್ಸಿಯಾ ಬಿಟ್ಟು ಎಲ್ಲರೂ. ಫೆಲಿಜ್ಮಿನಾಳ ಕೈಯೂ ಮೇಲಿತ್ತು. ಎಂಟು ಗಂಟೆಯ ದುಡಿಮೆಗಾಗಿ ಮುಷ್ಕರ ಮಾಡಿದ ವರ್ಷ, ಇದೇ ಎಸ್ಟೇಟಿನಲ್ಲಿ ಕೂಲಿಗಿದ್ದ ಅವಳಣ್ಣನ ಹೆಸರನ್ನು ಪೊಲೀಸರಿಗೆ ಕೊಟ್ಟಿದ್ದು ಬಾಲ್ತಾಜಾರ. ಅಣ್ಣ ಜೈಲಿನಿಂದ ಬಂದಾಗ ಬಾಯಲ್ಲಿ ಹಲ್ಲಿರಲಿಲ್ಲ. ಕೈ ತಾನಾಗಿ ಎದ್ದಿತ್ತು, ಇಳಿಸಲು ಮನಸ್ಸಾಗಲಿಲ್ಲ.

ನತೆರ್ಸಿಯಾ ಗೊಂಬೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದಳು. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಇಲ್ಲ. ಅವಳ ಬೆಂಚು ಖಾಲಿ ಬಿದ್ದದ್ದನ್ನು ನೋಡಿ ನೋಡಿ ಫೆಲಿಜ್ಮಿನಾಗೆ ಪಾಠ ರುಚಿಸಲಿಲ್ಲ. ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಅಂತ ಅಂದುಕೊಂಡಿದ್ದವಳು ಹೋಗಿ ಬಾಗಿಲು ತಟ್ಟಿದಳು.

ಬಾಲ್ತಾಜಾರ ಬೆಳ್ಳುಳ್ಳಿ, ಕೊತ್ತಂಬರಿ ಹಾಕಿದ ಸಾರಿನಲ್ಲಿ ರೊಟ್ಟಿ ಅದ್ದಿಕೊಂಡು ಉಣ್ಣುತ್ತಿದ್ದ.

"ಬನ್ನಿ ಟೀಚರ್. ಈ ಮನೇನೂ ವಶ ಮಾಡ್ಕೊಳ್ಳೋಕೆ ಬಂದ್ರಾ?"

"ಇಲ್ಲಿ ವಶ ಮಾಡ್ಕೊಳ್ಳೋಕೆ ಏನಿದೆ? ಹುಡುಗಿ ಯಾಕೆ ಬರ್ತಿಲ್ಲ?"

"ಇನ್ನು ಬರಲ್ಲ. ಹಬ್ಬ ಆದ್ಮೇಲೆ ಬರೇರುವಿಗೆ, ನನ್ ತಂಗಿ ಮನೆಗೆ ಕಳಿಸ್ತೀನಿ. ಕಾರ್ಖಾನೆ ಊರು. ನಿಮ್ಮಪ್ಪ ಯಾರು ಅಂತ ಅಲ್ಲಿ ಯಾರೂ ಕೇಳಲ್ಲ." ರೊಟ್ಟಿ ಮುರಿದ. "ಕೈ ಎತ್ತಿದೋರಲ್ಲಿ ನೀವೂ ಇದ್ರಂತೆ."

"ಇದ್ದೆ. ಯಾಕೆ ಅಂತ ನಿಮಗೆ ಗೊತ್ತು."

"ಗೊತ್ತು," ಅಂದ ಅವನು, ತಟ್ಟೆ ನೋಡುತ್ತಾ.

ಹೊರಡಲು ತಿರುಗಿದಾಗ ಕಿಟಕಿಯ ಕಟ್ಟೆಯ ಮೇಲಿದ್ದ ಗಂಟು ಫೆಲಿಜ್ಮಿನಾಳ ಕಣ್ಣಿಗೆ ಬಿತ್ತು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೈ ಒಣಗಿದ ಗೊಂಬೆಗೆ ಬಟ್ಟೆ ತೊಡಿಸಲಾಗುವುದಿಲ್ಲ, ಹಸಿಮಣ್ಣು ಅಂಟದೆ ಉದುರುತ್ತದೆ. ಯಾರೋ ಇದಕ್ಕೆ ಬಿಡದೆ ನೀರು ಚಿಮುಕಿಸುತ್ತಿದ್ದರು.

"ಯಾಕೆ ನೀರು ಹಾಕ್ತಿದೀಯ?" ಅಂತ ಒಲೆಯ ಪಕ್ಕ ನಿಂತಿದ್ದ ಹುಡುಗಿಯನ್ನು ಕೇಳಿದಳು.

"ಒಣಗುತ್ತಲ್ಲ."

"ಒಣಗ್ಲಿ ಬಿಡು. ಊರೇ ಬಿಡ್ತೀಯಂತೆ."

ನತೆರ್ಸಿಯಾ ಅಪ್ಪನ ಕಡೆ ನೋಡಿದಳು. ಅವನು ಬಾಯಲ್ಲಿದ್ದ ತುತ್ತನ್ನು ನಿಧಾನಕ್ಕೆ ನುಂಗಿದ.

"ಅದೊಂದು ಮುಗಿಸ್ಕೊಂಡು ಬಾ, ಹೋಗು," ಅಂದ. "ಬರೇರು ಮಾತ್ರ ಬರೇರುನೇ."

ಮರುದಿನ ಫೆಲಿಜ್ಮಿನಾ ಮಕ್ಕಳ ಮುಂದೆ ನಿಂತು, "ಮೊನ್ನೆಯ ಓಟು ರದ್ದು," ಅಂದಳು.

"ಹಂಗೆಲ್ಲಾ ರದ್ದು ಮಾಡೋಕೆ ಬರಲ್ಲ," ಅಂದ ಔರೇಲಿಯೊ. "ಬಹುಮತ ಇತ್ತು."

"ಕಥೆ ಕೇಳದೇ ಕೈ ಎತ್ತಿದ್ವಿ. ನಾನೂ ಎತ್ತಿದೆ. ಮೊದಲು ಕೇಳು, ಆಮೇಲೆ ನಿನ್ ಬಹುಮತ."

ನತೆರ್ಸಿಯಾ ಮಣ್ಣು ಲಟ್ಟಿಸಿದಳು. ಅಮ್ಮ ಹೊಲಿಗೆ ಹಾಕಿಕೊಟ್ಟ ವೇಸ್ಟ್‌ಕೋಟು. ಬೂಟು. ಧಣಿ ಕೊಟ್ಟ ಗಡಿಯಾರದ ಸರಪಳಿ. ಧಣಿ ಓಡಿಹೋದ ಮೇಲೆ ಅಪ್ಪ ಅದಕ್ಕೆ ಕೀಲಿ ಕೊಡುವುದನ್ನೇ ಬಿಟ್ಟಿದ್ದಾನೆ ಅಂದಳು. ರಾತ್ರಿ ಯಾರಾದರೂ ಬಂದಾರು ಅಂತ ಬೂಟು ಬಿಚ್ಚದೆ ಮಲಗುತ್ತಾನೆ ಅಂದಳು. ಕೊನೆಗೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಉದ್ದ ಮಾಡಿ ಗೊಂಬೆಯ ಕೈಗೆ ಹಿಡಿಸಿದಳು.

"ಅದೇ ಕೋಲಲ್ಲಿ ನಮ್ಮಪ್ಪಂಗೆ ಹೊಡೆದಿದ್ದು," ಅಂದ ಔರೇಲಿಯೊ.

"ಹೌದು," ಅಂದಳು ನತೆರ್ಸಿಯಾ. "ಅದಕ್ಕೇ ಮಾಡಿದೀನಿ."

ಯಾರೂ ಓಟು ಕೇಳಲಿಲ್ಲ. ಗೊಂಬೆಗಳು ಹೆಂಚಿನ ಭಟ್ಟಿಯಲ್ಲಿ ಹೆಂಚುಗಳ ಸಂದಿಯಲ್ಲಿ ಕೂತು ಬೆಂದು ಬಂದವು. ಮಕ್ಕಳು ಬಣ್ಣ ಹಚ್ಚಿದರು.

ಕ್ರಿಸ್ಮಸ್ ಸಂಜೆ ಕಣಜದಲ್ಲಿ ಇಡೀ ಊರಿತ್ತು. ಹೊಸ ವೈನು, ಆಲಿವ್, ಸುಟ್ಟ ಹಂದಿಮಾಂಸ. ಗೋಧಿಯ ಧೂಳಿನಲ್ಲಿ ಎಲ್ಲರಿಗೂ ಕೆಮ್ಮು. ಮುಂದೆ ಭೂಮಿ ಧಣಿಯ ಮಕ್ಕಳ ಕೈಗೆ ವಾಪಸು ಹೋಯಿತು, ಕಣಜ ಪಟ್ಟಣದವರ ಮದುವೆ ಊಟದ ಹಾಲ್ ಆಯಿತು. ಆ ಸಂಜೆ ಮಾತ್ರ ಅದು ಅವರದೇ ಆಗಿತ್ತು. ಮಕ್ಕಳು ಒಬ್ಬೊಬ್ಬರಾಗಿ ಕಥೆ ಹೇಳಿದರು. ನತೆರ್ಸಿಯಾ ತನ್ನದನ್ನು ಶಾಲೆಯಲ್ಲಿ ಹೇಳಿದಂತೆಯೇ, ಒಂದು ಮಾತೂ ಬಿಡದೆ ಹೇಳಿದಳು.

ಹೇಳಿ ಮುಗಿಸಿದಾಗ ಬಾಗಿಲಲ್ಲಿ ನಿಂತಿದ್ದ ಬಾಲ್ತಾಜಾರ ಮುಂದೆ ಬಂದ. ಜನ ದಾರಿ ಬಿಟ್ಟರು, ಪ್ರೀತಿಗಲ್ಲ. ಬಗ್ಗಿ ಗೊಂಬೆಯನ್ನು ತುಂಬಾ ಹೊತ್ತು ನೋಡಿದ.

"ಕೋಲು ಬಲಗೈಲಿ ಇರ್ಬೇಕಿತ್ತು," ಅಂದ. "ನಾನು ಎಡಚ ಅಲ್ಲ."

"ಬಲಗೈನೇ," ಅಂದ ಹಿಂದಿನಿಂದ ಲಿಬಾನಿಯೊ. "ಬೇಕಾದ್ರೆ ನನ್ ಬೆನ್ನು ಕೇಳಿ."

ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ಆಮೇಲೆ ಇನ್ನಷ್ಟು ಜನ. ಬಾಲ್ತಾಜಾರ ನಗಲಿಲ್ಲ, ಹೊರಗೂ ಹೋಗಲಿಲ್ಲ.

"ಬೆಂದಾಯ್ತಲ್ಲಪ್ಪ, ಇನ್ನು ಕೈ ಬದಲಾಯ್ಸಕ್ಕಾಗಲ್ಲ," ಅಂದಳು ನತೆರ್ಸಿಯಾ.

"ಹಂಗಾದ್ರೆ ಮುಂದಿನ ಸಲ ನೋಡ್ಕೊಂಡು ಮಾಡು," ಅಂದ ಅವನು.

ಮುಂದಿನ ಸಲ ಅನ್ನುವ ಮಾತು ಫೆಲಿಜ್ಮಿನಾಳ ಕಿವಿಗೂ ಬಿತ್ತು. ಅವನನ್ನು ಅವಳು ಕ್ಷಮಿಸಲಿಲ್ಲ, ಅವನು ಸಾಯುವವರೆಗೂ ಅವನ ಜೊತೆ ಒಂದು ಲೋಟ ವೈನು ಕುಡಿಯಲಿಲ್ಲ. ರಜೆ ಮುಗಿದು ಶಾಲೆಯ ಬಾಗಿಲು ತೆರೆದ ಬೆಳಿಗ್ಗೆ ನತೆರ್ಸಿಯಾ ತನ್ನ ಬೆಂಚಿನಲ್ಲಿ ಕೂತಿದ್ದಳು, ಪಕ್ಕದಲ್ಲಿದ್ದ ಔರೇಲಿಯೊನ ಜೊತೆ ಮಣ್ಣಿನ ಪಾಲಿಗಾಗಿ ಜಗಳವಾಡುತ್ತಾ.