ಎಕ್ಸ್‌ಚೇಂಜ್ ಅಕ್ಕ ಕಾರು ಮಾರಿದ್ದು

ಫ್ಯಾನ್ ರಿಪೇರಿಗೆ ಬಂದವನು "ಒಂದು ಸಾಮಾನು ತರ್ಬೇಕು, ಈಗ ಬಂದೆ" ಎಂದರೆ ಸಾಕು, ಎಕ್ಸ್‌ಚೇಂಜ್ ಅಕ್ಕ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. "ಹೋಗಪ್ಪಾ, ಬೇಡ ಅಂದೋರ್ಯಾರು? ಆ ಸ್ಕ್ರೂಡ್ರೈವರ್ ಇಲ್ಲಿಟ್ಟು ಹೋಗು." ಅವನು ನಕ್ಕರೆ ಅವಳು ನಗುತ್ತಿರಲಿಲ್ಲ. ಹಾಲಿನವನು "ಇವತ್ತು ಹಾಲು ಗಟ್ಟಿಯಾಗಿದೆ ಅಕ್ಕಾ" ಎಂದು ತಾನಾಗಿ ಹೊಗಳಿಕೊಂಡ ದಿನವೇ ಅವಳು ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಇದು ಹುಟ್ಟುಗುಣವಲ್ಲ, ಕೆಲಸ ಕಲಿಸಿದ್ದು. ನಿವೃತ್ತಿಯಾಗುವವರೆಗೂ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಈ ಊರಿನವರನ್ನು ಆ ಊರಿನವರಿಗೆ ಜೋಡಿಸುತ್ತ ಕೂತವಳು. ಲೈನು ಸಿಕ್ಕಿತೋ ಇಲ್ಲವೋ ಎಂದು ಒಂದು ಗಳಿಗೆ ಕೇಳಿಸಿಕೊಳ್ಳಲೇಬೇಕಿತ್ತು. ಆ ಒಂದೊಂದು ಗಳಿಗೆಯಲ್ಲೇ ಊರಿನ ಸುಳ್ಳೆಲ್ಲ ಅವಳ ಕಿವಿಗೆ ಬಿದ್ದಿತ್ತು. ಚೆನ್ನಾಗಿದ್ದುಕೊಂಡೇ ಕೆಮ್ಮಿ ರಜೆ ಕೇಳುವವರು, ಪಕ್ಕದ ಬೀದಿಯಲ್ಲಿ ಕೂತುಕೊಂಡೇ "ದೂರದಲ್ಲಿದೀನಿ" ಎನ್ನುವವರು. ಸುಳ್ಳು ಹೇಳುವವರು ಥಟ್ಟನೆ ಉತ್ತರ ಕೊಡುತ್ತಾರೆ, ನಿಜ ಹೇಳುವವರೇ ತಡವರಿಸುವುದು ಎಂದು ಅವಳು ಅಲ್ಲಿ ಕಂಡುಕೊಂಡಿದ್ದಳು. ಕೆಲಸ ಬಿಟ್ಟ ಮೇಲೂ ಆ ಹೆಸರು ಅವಳನ್ನು ಬಿಡಲಿಲ್ಲ, ಆ ಕಿವಿಯೂ ಬಿಡಲಿಲ್ಲ.

ಮನೆ ಅಪ್ಪ ಕಟ್ಟಿಸಿದ್ದು. ಮಹಡಿಯಲ್ಲಿ ಅಕ್ಕ ಒಬ್ಬಳೇ, ಕೆಳಗೆ ತಮ್ಮ ಮತ್ತು ಅವನ ಹೆಂಡತಿ. ತಮ್ಮನದು ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ. ಸದಾ ಬೆರಳಿಗೆ ಒಂದು ಪ್ಲಾಸ್ಟರ್, ಕೂದಲಲ್ಲಿ ಮರದ ಪುಡಿ. ಮನೆಯ ಪಕ್ಕಕ್ಕೆ ತಗಡಿನ ಶೆಡ್ಡು. ಶೆಡ್ಡಿನೊಳಗೆ ಅಪ್ಪನ ಜರ್ಮನ್ ಕಾರು.

ಅಪ್ಪ ಒಬ್ಬ ಪರದೇಶದ ಎಂಜಿನಿಯರ್ ಸಾಹೇಬರಿಗೆ ಡ್ರೈವರ್ ಆಗಿದ್ದ. ಸಾಹೇಬರು ತಮ್ಮ ದೇಶಕ್ಕೆ ಹೊರಟಾಗ ಕಾರನ್ನು ಅವನ ಹೆಸರಿಗೇ ಬರೆದುಕೊಟ್ಟು ಹೋದರು. ಎರಡೇ ಬಾಗಿಲಿನ, ಆಮೆಯ ಹಾಗೆ ಬೆನ್ನು ಬಾಗಿದ, ಬೂದು ಹಸಿರು ಬಣ್ಣದ ಕಾರು. ಒಳಗೆ ಕೂತರೆ ನೆಲದ ಮೇಲೆ ಕಾಲು ಚಾಚಿ ಕೂತ ಹಾಗಿರುತ್ತಿತ್ತು. ಎಂಜಿನ್ ಹಿಂದುಗಡೆ, ಸಾಮಾನು ಇಡುವ ಜಾಗ ಮುಂದುಗಡೆ. ಅಕ್ಕನಿಗೆ ಚಿಕ್ಕಂದಿನಿಂದಲೂ ಇದೊಂದು ಅನುಮಾನ. ಹೊಟ್ಟೆ ಇರಬೇಕಾದ ಕಡೆ ಬೆನ್ನು, ಬೆನ್ನಿರಬೇಕಾದ ಕಡೆ ಹೊಟ್ಟೆ ಇಟ್ಟುಕೊಂಡ ಗಾಡಿ ಏನನ್ನೋ ಮುಚ್ಚಿಡುತ್ತಿದೆ ಎಂದು.

ಅಪ್ಪ ಹೋದ ಮೇಲೆ ಅದಕ್ಕೆ ಬಣ್ಣ ಕಾಣಿಸಿದವರಿಲ್ಲ. ಸೀಟಿನ ತೊಗಲು ಒಣಗಿ ಸೀಳಿತ್ತು. ಬಾಗಿಲ ಕೆಳಗೆ ತುಕ್ಕು ಹತ್ತಿತ್ತು. ಭಾನುವಾರ ಭಾನುವಾರ ತಮ್ಮ ಅದನ್ನು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಗುರುಗುಟ್ಟಿಸಿ ಆರಿಸುತ್ತಿದ್ದ. ಅಷ್ಟೇ ಅದರ ಆರೈಕೆ.

ಮಾರುವ ಮಾತು ಬಂದದ್ದು ಅಕ್ಕನ ಮಂಡಿಯಿಂದ. ಮೆಟ್ಟಿಲು ಹತ್ತುವಾಗ ಅವಳು ಕಂಬಿ ಹಿಡಿದು ನಡುವೆ ನಿಲ್ಲತೊಡಗಿದ್ದಳು. ಇನ್ನು ಮಹಡಿ ಆಗದು ಎಂದು ಮೂಳೆ ಡಾಕ್ಟರು ಹೇಳಿಬಿಟ್ಟರು. ಕಾರು ಹೋದರೆ ಅವಳ ಪಾಲಿಗೆ ಬಂದದ್ದರಲ್ಲಿ ಶೆಡ್ಡಿನ ಜಾಗಕ್ಕೇ ಒಂದು ರೂಮು, ಒತ್ತಿಗೊಂದು ಬಚ್ಚಲು ಕಟ್ಟಿಸಬಹುದು. ತನ್ನದೇ ಬಾಗಿಲು, ತನ್ನದೇ ಚಿಲಕ. ಹೋಗದಿದ್ದರೆ ತಮ್ಮನ ಮನೆಯ ಹಿಂದಿನ ಕೋಣೆಯೇ ಗತಿ. ಅಲ್ಲಿ ಗಾಜಿನ ಹಾಳೆಗಳು, ಕಟ್ಟಿನ ಪಟ್ಟಿಗಳು, ನಡುವೆ ಒಂದು ಮಂಚ. ಕಾಫಿ ಬೇಕಾದರೂ ತಮ್ಮನ ಹೆಂಡತಿಯ ಮುಖ ನೋಡಬೇಕು. ಅವಳೇನೂ ಕೆಟ್ಟವಳಲ್ಲ. ಆದರೂ ಯಾರ ಹಂಗಿಲ್ಲದೆ ಬದುಕಿದವಳಿಗೆ ಆ ಕೋಣೆಯನ್ನು ನೆನೆಯುವುದೂ ಬೇಡವಾಗಿತ್ತು.

ಕೊಳ್ಳಲು ಬಂದವರು ಊರಿನ ಆ ತುದಿಯ ಹಲ್ಲಿನ ಡಾಕ್ಟರು. ಹಳೇ ಕಾರಿನ ಹುಚ್ಚು. ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಬಾಯೊಳಗೆ ನೋಡುವ ಪುಟ್ಟ ಕನ್ನಡಿ. ಶೆಡ್ಡಿಗೆ ಬಂದವರೇ ಚಾಪೆ ಕೇಳಿ ಹಾಸಿಕೊಂಡು ಮಲಗಿ, ಆ ಕನ್ನಡಿಯನ್ನು ಕಾರಿನ ಅಡಿಗೆ ತೂರಿಸಿದರು. ತಮ್ಮನ ಹೆಂಡತಿ ಬಟ್ಟೆ ತಂದು ಧೂಳು ಒರೆಸಲು ಹೋದರೆ ಅಲ್ಲಿಂದಲೇ ಕೂಗಿದರು.

"ಅಮ್ಮಾ, ಮುಟ್ಬೇಡಿ! ಒರೆಸ್ಬೇಡಿ, ತೊಳೀಬೇಡಿ, ಏನೂ ಮಾಡ್ಬೇಡಿ. ಹೆಂಗಿದೆಯೋ ಹಂಗೇ ಇರ್ಲಿ."

"ಧೂಳೂ ಬೇಕಾ ನಿಮಗೆ?" ಎಂದಳು ಅಕ್ಕ.

"ಧೂಳೂ ಬೇಕು."

"ಧೂಳಿಗೆ ದುಡ್ಡು ಕೊಡೋರನ್ನ ನಾನು ಇವತ್ತೇ ನೋಡಿದ್ದು."

ಡಾಕ್ಟರು ಎದ್ದು ಕೂತರು. ಬೆನ್ನಿಗೆಲ್ಲ ಮಣ್ಣು. "ನೋಡಿ ಮೇಡಂ, ಕಟ್ಟಿಸ್ಕೊಂಡ ಹಲ್ಲು ಎಷ್ಟು ಬೆಳ್ಳಗಿದ್ರೂ ಕಟ್ಟಿಸ್ಕೊಂಡಿದ್ದೇ. ಇದಕ್ಕೆ ಅದರ ಸ್ವಂತ ಹಲ್ಲೇ ಇದೆ. ಹುಳುಕಾಗಿದೆ, ಅಲ್ಲಾಡ್ತಿದೆ, ಆದ್ರೆ ಸ್ವಂತದ್ದು. ಬಣ್ಣ ಹೊಡೆದು ಮಿರಮಿರ ಮಿಂಚೋ ಹಂಗೆ ಮಾಡಿದ್ದು ಬೇಕಾದಷ್ಟು ಸಿಗತ್ತೆ. ಯಾರೂ ಕೈಯಾಡಿಸದೆ ಇರೋದು ಸಿಗಲ್ಲ. ನನಗೆ ಒಂದು ಬೋಲ್ಟೂ ಬದಲಾಗಿರಬಾರದು."

ಉತ್ತರ ಬಹಳ ಥಟ್ಟನೆ ಬಂತು ಎನ್ನಿಸಿತು ಅಕ್ಕನಿಗೆ. ಅವರು ಮೊಬೈಲಿನಲ್ಲಿ ಮೂಲೆ ಮೂಲೆಯ ಫೋಟೋ ತೆಗೆದುಕೊಂಡರು. ಹಿಂದಿನ ಮುಚ್ಚಳ ಎತ್ತಿಸಿ ಎಂಜಿನ್ನಿನದೂ ತೆಗೆದರು. ಹೇಳಿದ ಬೆಲೆ ಅಕ್ಕ ಅಂದುಕೊಂಡದ್ದಕ್ಕಿಂತ ಹೆಚ್ಚೇ ಇತ್ತು. ಅದೂ ಅವಳಿಗೆ ಸರಿಬರಲಿಲ್ಲ. ಶನಿವಾರ ಬಂದು ಎಂಜಿನ್ ಶಬ್ದ ಕೇಳಿ ಮುಂಗಡ ಕೊಡುತ್ತೇನೆ ಎಂದು ಹೊರಟರು.

ತಮ್ಮ ಅವರನ್ನು ಕಳಿಸಲು ಗೇಟಿನವರೆಗೆ ಹೋದ. ಅಕ್ಕ ಮಹಡಿಯ ಕಿಟಕಿಗೆ ಬಂದಾಗ ಅವನು ಡಾಕ್ಟರ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದ. ಅವರು ಅವನ ಹೆಗಲು ತಟ್ಟಿದರು. ತಲೆ ಎತ್ತಿದ ತಮ್ಮ ಅವಳನ್ನು ಕಂಡು ತಟಕ್ಕನೆ ಮಾತು ನಿಲ್ಲಿಸಿದ.

ಎಷ್ಟೋ ಜನರ ಮಾತು ಕೇಳಿಸಿಕೊಂಡವಳಿಗೆ ಆ ಮಾತು ಕೇಳಿಸಲಿಲ್ಲ. ಅದೇ ಅವಳನ್ನು ಕೊರೆಯಿತು. ಕಾರಿನ ಕಾಗದಕ್ಕೆ ಅಕ್ಕ ತಮ್ಮ ಇಬ್ಬರ ಸಹಿಯೂ ಬೇಕು, ನಿಜ. ಆದರೆ ತಾನು ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದಾಗ ಕಾರನ್ನು ಓಡಿಸಿಕೊಂಡು ಹೋಗಿ ಅವರ ಮನೆಯಲ್ಲಿ ನಿಲ್ಲಿಸಿಬಿಟ್ಟರೆ? "ಗಾಡಿ ಆಗ್ಲೇ ಕೊಟ್ಟಾಯ್ತಲ್ಲಕ್ಕಾ, ಇನ್ನು ಸಹಿ ಹಾಕು" ಎಂದುಬಿಟ್ಟರೆ?

ಮಾರನೆಯ ದಿನ ತಮ್ಮ ಅಂಗಡಿಗೆ ಹೋದದ್ದೇ ಅಕ್ಕ ಶೆಡ್ಡಿಗೆ ಇಳಿದಳು. ಅಪ್ಪ ಕಲಿಸಿದ ಒಂದು ವಿದ್ಯೆ ಅವಳಿಗೆ ನೆನಪಿತ್ತು. ಅಪರಿಚಿತ ಜಾಗದಲ್ಲಿ ಕಾರು ನಿಲ್ಲಿಸಿದಾಗಲೆಲ್ಲ ಅಪ್ಪ ಎಂಜಿನ್ನಿನಲ್ಲಿ ಕರೆಂಟು ಹಂಚುವ ಪುಟ್ಟ ಡಬ್ಬಿಯ ಟೋಪಿ ತೆಗೆದು, ಒಳಗಿನ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಹೆಬ್ಬೆರಳಿನಷ್ಟು ಉದ್ದದ ಕಂದು ತುಂಡು. ಅದಿಲ್ಲದೆ ಅಪ್ಪನ ಅಪ್ಪ ಬಂದರೂ ಕಾರು ಸ್ಟಾರ್ಟ್ ಆಗದು. "ಗಾಡಿ ಬಿಟ್ಟು ಹೋಗುವಾಗ ಅದರ ಜೀವ ಜೇಬಲ್ಲಿರಬೇಕು ಮಗಳೇ" ಎನ್ನುತ್ತಿದ್ದ.

ಅಕ್ಕ ಕಾರಿನ ಜೀವ ಕಿತ್ತುಕೊಂಡಳು. ಟೋಪಿಯನ್ನು ಮೊದಲಿನ ಹಾಗೇ ಕೂರಿಸಿ, ಜೀವವನ್ನು ಕನ್ನಡಕದ ಡಬ್ಬಿಯಲ್ಲಿ ಹತ್ತಿ ಸುತ್ತಿ ಇಟ್ಟುಕೊಂಡಳು. ಶನಿವಾರ ಡಾಕ್ಟರು ಬರುವ ಮೊದಲು ಮತ್ತೆ ಹಾಕಿಬಿಟ್ಟರಾಯಿತು, ಯಾರಿಗೂ ತಿಳಿಯದು ಎಂದುಕೊಂಡಳು.

ಆದರೆ ಶನಿವಾರ ತಮ್ಮ ಅಂಗಡಿಯನ್ನೇ ತೆರೆಯಲಿಲ್ಲ. ಬೆಳಗಿನಿಂದ ಶೆಡ್ಡಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತ ಕೂತ. ಅಕ್ಕ ಹತ್ತಿರ ಸುಳಿದಾಗಲೆಲ್ಲ ಪೇಪರ್ ಇಳಿಸಿ ನೋಡುತ್ತಿದ್ದ.

"ಏನೋ, ಕಾವಲಾ?"

"ಗಾಳಿಗೆ ಕೂತಿದೀನಿ."

"ತಗಡಿನ ಶೆಡ್ಡಲ್ಲಿ ಗಾಳಿ!"

"ನೀನ್ಯಾಕೆ ಇಷ್ಟು ಸಲ ಮೆಟ್ಟಿಲು ಇಳೀತಿದೀಯ? ಮಂಡಿ ನೋವು ವಾಸಿ ಆಯ್ತಾ?"

ಅಕ್ಕ ತಿರುಗಿ ಮಹಡಿ ಹತ್ತಿದಳು. ಮಧ್ಯಾಹ್ನ ಡಾಕ್ಟರು ಬಂದೇಬಿಟ್ಟರು. ಕನ್ನಡಕದ ಡಬ್ಬಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

ಡಾಕ್ಟರು ಹಿಂದಿನ ಮುಚ್ಚಳ ಎತ್ತಿದರು, ಟಾರ್ಚು ಬಿಟ್ಟರು. ಆಮೇಲೆ ಮೊಬೈಲ್ ತೆಗೆದು ಹಳೆಯ ಫೋಟೋ ನೋಡಿದರು. ಮತ್ತೆ ಎಂಜಿನ್ ನೋಡಿದರು.

"ಹೋದ ಸಲ ಇಲ್ಲೊಂದು ದಪ್ಪ ವೈರಿತ್ತು. ಈಗಿಲ್ಲ."

ಅಕ್ಕನಿಗೆ ಅರ್ಥವಾಗಲಿಲ್ಲ. ವೈರು? ತಾನು ವೈರು ಮುಟ್ಟಿರಲಿಲ್ಲ. ತಮ್ಮನ ಕಡೆ ನೋಡಿದಳು. ಅವನ ಕಿವಿ ಕೆಂಪಾಗಿತ್ತು. ಚಿಕ್ಕಂದಿನಲ್ಲಿ ಸಕ್ಕರೆ ಕದ್ದಾಗಲೂ ಅವನ ಕಿವಿ ಹಾಗೇ ಆಗುತ್ತಿತ್ತು. ಸಿಕ್ಕಿಬಿದ್ದ! ಒಂದು ಗಳಿಗೆ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಸಂತೋಷ ಹೆಚ್ಚು ಹೊತ್ತು ನಿಲ್ಲಲಿಲ್ಲ. ಡಾಕ್ಟರು ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡರು.

"ನಾನು ದಿನಾ ಸುಳ್ಳು ಕೇಳೋನು. ಬಾಯೆಲ್ಲ ಹುಳುಕು ಇಟ್ಕೊಂಡು, ಎರಡು ಹೊತ್ತೂ ಉಜ್ತೀನಿ ಡಾಕ್ಟ್ರೇ ಅಂತಾರೆ. ನೀವು ಒಂದೊಂದೇ ಬಿಚ್ಚಿ ಬೇರೆ ಕಡೆ ಮಾರ್ತಿದೀರ ಅಂತ ಕಾಣತ್ತೆ. ಹೇಳಿದ್ನಲ್ಲ, ಒಂದು ಬೋಲ್ಟೂ ಹೋಗಿರಬಾರದು ಅಂತ. ನನಗಿದು ಬೇಡ." ಹೀಗೆಂದು ಗೇಟಿನ ಕಡೆ ತಿರುಗಿದರು.

ಅಕ್ಕನ ಕಣ್ಣ ಮುಂದೆ ಹಿಂದಿನ ಕೋಣೆ, ಗಾಜಿನ ಹಾಳೆಗಳ ನಡುವಿನ ಮಂಚ ಬಂದು ನಿಂತವು. "ಲೋ, ಬಾಯಿ ಬಿಡೋ!" ಎಂದು ತಮ್ಮನನ್ನು ಗದರಿದಳು. ಅವನು ಒಳಗೆ ಓಡಿದ. ಬರುವಾಗ ಕೈಯಲ್ಲಿ ದಪ್ಪ ವೈರು, ವೈರಿನ ತುಂಬ ಗೋಧಿ ಹಿಟ್ಟು.

"ಹಿಟ್ಟಿನ ಡಬ್ಬದಲ್ಲಾ?" ಎಂದು ಅವನ ಹೆಂಡತಿ ಬಾಗಿಲಿಂದಲೇ ಕೂಗಿದಳು. "ಮೂರು ದಿನದಿಂದ ಅದೇ ಹಿಟ್ಟಲ್ಲಿ ರೊಟ್ಟಿ ತಿಂತಿದೀವಲ್ರೀ!"

ಡಾಕ್ಟರು ಗೇಟಿನ ಹತ್ತಿರ ನಿಂತರು. ತಮ್ಮ ವೈರು ಸಿಕ್ಕಿಸಿ, ಒಳಗೆ ಕೂತು ಕೀಲಿ ತಿರುಗಿಸಿದ. ಕಾರು ಕುಯ್ ಕುಯ್ ಎಂದಿತು, ಹತ್ತಲಿಲ್ಲ. ಎರಡನೇ ಸಲವೂ ಹತ್ತಲಿಲ್ಲ. ಅವನು ಇಳಿದು ಬಂದು, ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡು ಅಕ್ಕನ ಮುಂದೆ ನಿಂತ.

"ಕನ್ನಡಕ ಮೂಗಿನ ಮೇಲಿದೆ. ಬರೀ ಡಬ್ಬಿ ಯಾಕಕ್ಕಾ ಅಷ್ಟು ಭದ್ರವಾಗಿ ಹಿಡ್ಕೊಂಡಿದೀಯ?"

ಅಕ್ಕ ಡಾಕ್ಟರನ್ನು ನೋಡಿದಳು, ತಮ್ಮನ ಹೆಂಡತಿಯನ್ನು ನೋಡಿದಳು. ಬೇರೆ ದಾರಿ ಇರಲಿಲ್ಲ. ಡಬ್ಬಿ ತೆರೆದು ಹತ್ತಿ ಬಿಡಿಸಿ ರೋಟರನ್ನು ಅಂಗೈ ಮೇಲಿಟ್ಟಳು. ಮುಖ ಕಾದ ಹಂಚಿನಂತಾಗಿತ್ತು.

"ನಿಂಗೆ ಮೊದಲೇ ಗೊತ್ತಿತ್ತಾ?"

"ನಾನೂ ಅದನ್ನೇ ತೆಗೆಯೋಣ ಅಂತ ಹೋಗಿದ್ದು. ಜಾಗ ಖಾಲಿ! ಇನ್ಯಾರು ತೆಗೀತಾರೆ? ಅಪ್ಪ ನಮ್ಮಿಬ್ಬರಿಗೂ ತಾನೇ ಕಲಿಸಿದ್ದು. ನೀನದನ್ನ ಮತ್ತೆ ಹಾಕಿ, ನಂಗೆ ತಿಳಿಯದ ಹಾಗೆ ಗಾಡಿ ಕಳಿಸಿಬಿಟ್ರೆ ಅಂತ ವೈರು ಕಿತ್ತೆ. ಡಾಕ್ಟ್ರು ನಿಂಗೆ ಎರಡು ಸಲ ಫೋನ್ ಮಾಡಿದ್ರಲ್ಲ, ನನಗೆ ಹೇಳಿದ್ಯಾ?"

"ಹಲ್ಲು ನೋವಿಗೆ ಔಷಧಿ ಕೇಳಿದ್ದೆ, ಅದನ್ನ ಹೇಳೋಕೆ ಮಾಡಿದ್ದು ಕಣೋ! ಬಿಟ್ಟಿ ಸಿಗತ್ತೆ ಅಂತ." ಡಾಕ್ಟರು ಹೌದೆಂದು ತಲೆಯಾಡಿಸಿದರು. "ನೀನು ಗೇಟಲ್ಲಿ ಅವರ ಕಿವಿ ಕಚ್ಚಿದ್ದೇನು? ಅದನ್ನ ಹೇಳು."

ತಮ್ಮ ಬಾಯಿ ತೆರೆದ, ಮುಚ್ಚಿದ. ಬೆರಳಿನ ಪ್ಲಾಸ್ಟರು ಕೀಳತೊಡಗಿದ. "ಅದು... ಏನಿಲ್ಲ. ಬೇಗ ತಗೊಂಡು ಹೋಗಿ ಅಂದೆ. ನೀನು ಮೆಟ್ಟಿಲ ಮಧ್ಯ ನಿಂತ್ಕೋತೀಯಲ್ಲ... ಕೆಳಗೆ ಕೇಳ್ಸತ್ತೆ ನಂಗೆ. ಹೆಜ್ಜೆ ನಿಂತಿದ್ದು ಕೇಳ್ಸತ್ತೆ, ಮತ್ತೆ ಶುರುವಾಗೋವರೆಗೂ..."

ಅಕ್ಕ ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳಿಸಿಕೊಂಡಳು. ಎಕ್ಸ್‌ಚೇಂಜಿನಲ್ಲಿ ಹಾಗೇ ಕೇಳಿಸಿಕೊಳ್ಳುತ್ತಿದ್ದಳು. ಇವನು ಇಷ್ಟು ತಡವರಿಸಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಹಿಂದುಗಡೆಗೆ ಹೋಗಿ ತಾನೇ ರೋಟರ್ ಕೂರಿಸಿ ಟೋಪಿ ಮುಚ್ಚಿದಳು.

"ಹ್ಞೂಂ, ತಿರುಗಿಸು."

ಕಾರು ಒಮ್ಮೆ ಕೆಮ್ಮಿ ಹತ್ತಿಕೊಂಡಿತು. ಶೆಡ್ಡಿನ ತಗಡೆಲ್ಲ ಗಡಗಡ ಎಂದಿತು. ಡಾಕ್ಟರು ಕಣ್ಣು ಮುಚ್ಚಿ ಬಹಳ ಹೊತ್ತು ಆ ಶಬ್ದ ಕೇಳಿದರು. ಆಮೇಲೆ ಮೊಬೈಲಿನ ಫೋಟೋಗಳನ್ನೆಲ್ಲ ಒಂದೊಂದಾಗಿ ಕಾರಿನ ಜೊತೆ ತಾಳೆ ನೋಡಿದರು. ಎಲ್ಲವೂ ಇತ್ತು. ಮುಂಗಡ ಕೊಟ್ಟು, "ನಾಳೆ ಬೆಳಿಗ್ಗೆ ಲಾರಿ ತರ್ತೀನಿ" ಎಂದರು. ಹೊರಡುವ ಮೊದಲು ಹಿಂದಿನ ಮುಚ್ಚಳ ಮತ್ತೆ ಎತ್ತಿ, ಟೋಪಿ ತೆಗೆದು, ರೋಟರನ್ನು ಕಿತ್ತು ತಮ್ಮದೇ ಅಂಗಿಯ ಜೇಬಿಗೆ ಹಾಕಿಕೊಂಡರು.

"ತಪ್ಪು ತಿಳ್ಕೋಬೇಡಿ. ಬೆಳಗಾಗೋದ್ರೊಳಗೆ ನೀವಿಬ್ಬರೂ ಇನ್ನೇನು ಬಿಚ್ತೀರೋ ನನಗೆ ಗೊತ್ತಿಲ್ಲ. ವೈರೂ ಕೊಡಿ, ಹಿಟ್ಟು ನಾನೇ ಒರೆಸ್ಕೋತೀನಿ."

ಮೊದಲು ನಕ್ಕವಳು ಅಕ್ಕ. ಕುರ್ಚಿ ಹಿಡಿದುಕೊಂಡು ನಕ್ಕಳು. "ಈಗ ನಂಬಿಕೆ ಬಂತು ಡಾಕ್ಟ್ರೇ. ನಮ್ಮಪ್ಪನ ಗಾಡಿ ಸರಿಯಾದೋರ ಕೈಗೇ ಹೋಗ್ತಿದೆ."

ಕಾರು ಧೂಳಿನ ಸಮೇತ ಹೋಯಿತು. ಶೆಡ್ಡು ಬಿಚ್ಚಿ ಗೋಡೆ ಎದ್ದಿತು. ನೆಲದಲ್ಲಿದ್ದ ಎಣ್ಣೆ ಕಲೆಯ ಮೇಲೆ ಸಿಮೆಂಟು ಬಿತ್ತು. ಬಾಗಿಲಿಗೆ ಬೀಗ ತಂದ ಬಡಗಿ ಎರಡು ಕೀಲಿ ಕೊಟ್ಟು ಹೋದ. ಅಕ್ಕ ಎರಡನ್ನೂ ಬೀಗಕ್ಕೆ ಹಾಕಿ ತಿರುಗಿಸಿ ನೋಡಿದಳು. ಒಂದನ್ನು ಇಟ್ಟುಕೊಂಡಳು, ಇನ್ನೊಂದನ್ನು ತಮ್ಮನ ಕೈಗೆ ಕೊಟ್ಟಳು.

"ಒಂದು ನಿನ್ನ ಹತ್ರ ಇರ್ಲಿ. ನಂಗೆ ಏನಾದ್ರೂ ಆದ್ರೆ ಬೇಕಾಗತ್ತೆ. ಮೊಳೆಗೆ ನೇತು ಹಾಕು, ಕಳೀಬೇಡ."

ಸಂಜೆ ಸಕ್ಕರೆ ಕೇಳುವ ನೆಪದಲ್ಲಿ ಅವಳು ತಮ್ಮನ ಮನೆಗೆ ಹೋಗಿ, ಬಾಗಿಲ ಹಿಂದಿನ ಮೊಳೆಯನ್ನು ಓರೆಗಣ್ಣಿನಿಂದ ನೋಡಿದಳು. ಕೀಲಿ ಅಲ್ಲಿರಲಿಲ್ಲ. ತಮ್ಮ ಪೇಪರ್ ಇಳಿಸದೆಯೇ ಅಂಗಿಯ ಜೇಬನ್ನು ಎರಡು ಸಲ ತಟ್ಟಿದ. ಒಳಗೆ ಕೀಲಿ ಚಿಲ್ಲರೆಗೆ ತಾಗಿ ಕಿಣಿ ಎಂದಿತು.

ಅಕ್ಕ ಸಕ್ಕರೆ ಕೇಳುವುದನ್ನು ಮರೆತು ತನ್ನ ರೂಮಿಗೆ ಹೋದಳು.